ಮೈಕ್ ಇಲ್ಲದ ಕೋಣೆ

ಮತ್ತೆ ಅದೇ ದಯವಿಟ್ಟು — ‘ವಿ’ ಹತ್ತಿರ ಬಂದಾಗ ಒಂಚೂರು ನಡುಗುತ್ತದೆ, ಬಸ್ಸಿಗೆ ಕಾಯುವವರಿಗೆ ಗೊತ್ತಾಗಲಿಕ್ಕಿಲ್ಲ, ಅವಳಿಗೆ ಗೊತ್ತು, ಆ ಪದ ರೆಕಾರ್ಡ್ ಮಾಡಿದ ಬೆಳಿಗ್ಗೆ ಗಂಡನ ಜೊತೆ ಜಗಳವಾಡಿಕೊಂಡು ಬಂದಿದ್ದಳು, ಏನಕ್ಕೆ ಜಗಳ ಅನ್ನುವುದೇ ಈಗ ಮರೆತುಹೋಗಿದೆ, ನಡುಕ ಮಾತ್ರ ಸ್ಪೀಕರಿನೊಳಗೆ ಕೂತುಬಿಟ್ಟಿದೆ, ದಯವಿಟ್ಟು ಗಮನಿಸಿ, ದಯವಿಟ್ಟು ಗಮನಿಸಿ, ಬೆಳಗಿಂದ ಸಂಜೆವರೆಗೆ ಇದೇ, ಬಸ್ ನಿಲ್ದಾಣದ ನಟ್ಟನಡುವೆ ಈ ಗಾಜಿನ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತು ತನ್ನ ದನಿಯನ್ನು ತಾನೇ ಕೇಳುತ್ತಿರುವುದು, ಇದೂ ಒಂದು ನೌಕರಿ — ಗಂಟಲಲ್ಲಿ ಗಂಟಾಗಿದೆ ಅಂದಿದ್ದರು ಡಾಕ್ಟರು, ಹೀಗೇ ಕೂಗುತ್ತಿದ್ದರೆ ದನಿ ಪೂರ್ತಿ ಹೋಗುತ್ತೆ ನೋಡಿ, ಪಿಸುಮಾತೂ ಬೇಡ, ಮನೆಗೆ ಬಂದು ಚೀಟಿಯಲ್ಲಿ ಬರೆದು ತೋರಿಸಿದರೆ ಗಂಡ ನಕ್ಕಿದ್ದ, ನಿನ್ನ ಬಾಯಿ ಮುಚ್ಚಿಸೋಕೆ ಡಾಕ್ಟರೇ ಬೇಕಾಯ್ತಲ್ಲೇ, ನಕ್ಕವನು ಆಮೇಲೆ ಅಡುಗೆಮನೆಗೆ ಹೋಗಿ ತುಂಬಾ ಹೊತ್ತು ಹೊರಗೇ ಬರಲಿಲ್ಲ.

ಬಸ್ಸುಗಳ ಹೊತ್ತು ಕೂಗುವವಳಿಗೆ ಗಂಟಲಿಲ್ಲ ಅಂದಮೇಲೆ ಇಟ್ಟುಕೊಳ್ಳುವವರು ಯಾರು, ಅದಕ್ಕೇ ಕೋಡಿಂಗ್ ಕಲಿಯಲು ಕೂತಿದ್ದು, ಈ ವಯಸ್ಸಿಗೆ, ಮಗಳ ಹಳೇ ಲ್ಯಾಪ್‌ಟಾಪಿನಲ್ಲಿ, ವಿಡಿಯೋ ನೋಡಿ ನೋಡಿ — ಮೊದಲ ದಿನ ಪರದೆ ಮೇಲೆ ನಮಸ್ಕಾರ ಅಂತ ಮೂಡಿಸಿ ಹಸುಗೂಸು ಮೊದಲ ಸಲ ಕಣ್ಣು ಬಿಟ್ಟಷ್ಟು ಹಿಗ್ಗಿದ್ದಳು, ಆಮೇಲೆ ಫೋಟೋಗಳಿಗೆಲ್ಲ ತಾನಾಗಿಯೇ ಹೆಸರು ಬೀಳುವ ಹಾಗೆ ಮಾಡಿದಳು, ಆಮೇಲೆ ಗಂಡನ ಫೋನಿಗೆ ದಿನಾ ಮಾತ್ರೆ ನುಂಗು ಅಂತ ಸಂದೇಶ ಹೋಗುವ ಹಾಗೆ, ಹೆಂಡತಿ ಬಾಯಿಗೆ ರಜಾ ಸಿಕ್ಕಿತು ಅಂದ್ಕೊಂಡ್ರೆ ಈಗ ಫೋನು ಶುರುಹಚ್ಕೊಂಡಿದೆ ಅಂತ ಅವನ ಗೊಣಗಾಟ — ಅದಾದ ಮೇಲೆ ಇದು, ಗಂಟಲು ಕೆಡುವ ಮುಂಚೆ ರೆಕಾರ್ಡ್ ಮಾಡಿಟ್ಟಿದ್ದ ಕೂಗುಗಳಿಂದ ಒಂದೊಂದು ಪದ ಕತ್ತರಿಸಿ, ಬಸ್ಸಿನ ನಂಬರು, ಹೊತ್ತು, ಪ್ಲಾಟ್‌ಫಾರ್ಮು, ಹೂ ಕಟ್ಟಿದ ಹಾಗೆ ಕಂಪ್ಯೂಟರೇ ಪೋಣಿಸಿ ಕೂಗುವುದು. ಭೇಷ್, ಅಂದರು ನಿಲ್ದಾಣದ ಸಾಹೇಬರು, ಇನ್ನು ನೀವು ಗಂಟಲು ನೋಯಿಸ್ಕೊಳ್ಳೋದೇ ಬೇಡ, ಅಂದವರೇ ಮೈಕು ಕಿತ್ತು ಇನ್ನೊಂದು ನಿಲ್ದಾಣಕ್ಕೆ ಕಳಿಸಿಬಿಟ್ಟರು, ಸಂಜೆ ಪಾಳಿಯವಳನ್ನು ಮನೆಗೆ ಕಳಿಸಿದರು, ಅಕ್ಕಾ ಅಕ್ಕಾ ಅಂತ ಹಿಂದೆ ಮುಂದೆ ಸುತ್ತುತ್ತಿದ್ದವಳು ಈಗ ಸಂದೇಶಕ್ಕೂ ಉತ್ತರ ಕೊಡುವುದಿಲ್ಲ — ಹಾಗಾದರೆ ನಾನೂ ಮನೆಗೆ ಹೋಗಲೇ ಸಾರ್, ಅಂತ ಬರೆದು ತೋರಿಸಿದಳು, ಅಯ್ಯೋ ಅದು ಕೈಕೊಟ್ಟರೆ ನೋಡೋರ್ಯಾರು, ಎರಡೂ ಪಾಳಿ ನೀವೇ ಕೂತಿರಿ, ಮಾತಾಡೋದಿಲ್ಲವಲ್ಲ, ದಣಿವೇನು.

ದಯವಿಟ್ಟು ಗಮನಿಸಿ, ಹದಿನೇಳನೇ ನಂಬರಿನ ಬಸ್ಸು ಆರನೇ ಪ್ಲಾಟ್‌ಫಾರ್ಮಿನಿಂದ — ಆರು? ಗಾಜಿನಾಚೆ ಹದಿನೇಳು ನಿಂತಿರುವುದು ಐದರಲ್ಲಿ, ಡ್ರೈವರು ಆಗಲೇ ಸೀಟಿಗೆ ಹತ್ತುತ್ತಿದ್ದಾನೆ, ಜನ ಗಂಟುಮೂಟೆ ಎತ್ತಿಕೊಂಡು ಆರರ ಕಡೆಗೆ, ಅಯ್ಯೋ, ಮೂರು, ಆ ಹಾಳು ಮೂರು, ಈಗಷ್ಟೇ ಮೂರನೇ ಪ್ಲಾಟ್‌ಫಾರ್ಮಿನ ನೆಲ ಅಗೆಯೋಕೆ ಶುರುಮಾಡಿದರು ಅಂತ ಪ್ರೋಗ್ರಾಮಿನ ಪಟ್ಟಿಯಿಂದ ಮೂರನ್ನು ಅಳಿಸಿಬಿಟ್ಟಿದ್ದಳು, ಬೆಂಚಿನಿಂದ ಒಬ್ಬರು ಎದ್ದರೆ ಉಳಿದವರೆಲ್ಲ ಸರಿದು ಕೂತ ಹಾಗೆ ಐದರ ಜಾಗಕ್ಕೆ ಆರು ಬಂದು ಕೂತಿದೆ, ಮಗಳು ಹೇಳಿದ್ದಳು, ನಡುವೆ ಒಂದು ತೆಗೆದರೆ ಹಿಂದಿನವೆಲ್ಲ ಮುಂದೆ ಸರಿಯುತ್ತವೆ ಅಮ್ಮಾ, ಗೊತ್ತು ಗೊತ್ತು ಅಂತ ಕೈ ಬೀಸಿದ್ದಳು — ಪ್ರೋಗ್ರಾಮ್ ಮುಚ್ಚುತ್ತಾಳೆ, ಪರದೆ ಖಾಲಿ, ಆದರೆ ಕಳಿಸಿಯಾಗಿದ್ದ ಮಾತು ಸಾಹೇಬರ ರೂಮಿನಲ್ಲಿರುವ ಸ್ಪೀಕರಿನ ಯಂತ್ರ ಸೇರಿಯಾಯ್ತು, ಮೂರು ಸಲ ಕೂಗು ಅಂತ ಬರೆದವಳು ಅವಳೇ, ನಡುವೆ ನಿಲ್ಲು ಅನ್ನುವುದನ್ನು ಬರೆದಿಲ್ಲ, ಆ ಪಾಠ ಇನ್ನೂ ಬಂದಿಲ್ಲ, ಸಾಹೇಬರ ರೂಮಿಗೆ ಬೀಗ, ಮೀಟಿಂಗು.

ಬಾಗಿಲು ತಳ್ಳಿ ಓಡುತ್ತಾಳೆ, ಐದು, ಐದಕ್ಕೆ ಹೋಗ್ರೀ, ಡಾಕ್ಟರ ಮಾತು ಮೀರಿ ಇಷ್ಟು ದಿನಕ್ಕೆ ಬಾಯಿ ಬಿಟ್ಟರೆ ತಗಡು ಕೆರೆದಂಥ ದನಿ, ಒಬ್ಬಳು ಬೆಚ್ಚಿ ಮಗುವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ, ಯಾರಮ್ಮ ನೀವು, ನಾನೇ, ಅಲ್ಲಿ ಕೂಗ್ತಿರೋದು ನಾನೇ, ಅದು ತಪ್ಪು ಹೇಳ್ತಿದೆ — ಯಾರೋ ಕಿಸಕ್ಕನೆ ನಗುತ್ತಾರೆ, ಪಾಪ ತಲೆ ಸರಿ ಇಲ್ಲ ಅನ್ಸುತ್ತೆ, ಅಷ್ಟರಲ್ಲಿ ಮೇಲಿಂದ ದಯವಿಟ್ಟು ಗಮನಿಸಿ, ಎಷ್ಟು ನಯ, ಎಷ್ಟು ಸ್ಪಷ್ಟ, ಎಲ್ಲರ ಮುಖವೂ ಮೇಲಕ್ಕೆ, ತನಗೇ ಒಂದು ಗಳಿಗೆ ನಂಬಬೇಕೆನಿಸುತ್ತದೆ, ಪಕ್ಕದಲ್ಲಿ ಚೀಲ ಹೊತ್ತ ಗಂಡಸು, ಹೆಂಡತಿಯ ಕೈಗೆ ಪ್ಲಾಸ್ಟರು, ಆಸ್ಪತ್ರೆಗೆ ಹೊರಟವರಿರಬೇಕು, ಅವನ ತೋಳು ಹಿಡಿದೆಳೆಯುತ್ತಾಳೆ, ಅಣ್ಣಾ ಐದು, ಅವನು ಸಿಡುಕಲಿಲ್ಲ, ಬೈಯಲಿಲ್ಲ, ಉಗುರು ಕಪ್ಪಾದ ತೋರುಬೆರಳನ್ನು ತುಟಿಗಿಟ್ಟುಕೊಂಡು, ಶ್, ಸ್ವಲ್ಪ ಸುಮ್ನಿರಮ್ಮ, ಅವರೇನೋ ಹೇಳ್ತಿದಾರೆ, ಕೇಳೋಣ.

ಬಸ್ಸು ಹೋಯಿತು, ಐದರಿಂದ, ಮುಕ್ಕಾಲು ಸೀಟು ಖಾಲಿ — ಆರರಲ್ಲಿ ಜನ ಇನ್ನೂ ಕತ್ತು ಚಾಚಿಕೊಂಡು ನಿಂತಿದ್ದಾರೆ, ಅವಳು ಗಾಜಿನೊಳಗೆ, ಮೂರನ್ನು ಮತ್ತೆ ಅದರ ಜಾಗದಲ್ಲಿ ಬರೆದಾಯ್ತು, ಒಂದೇ ಸಾಲು, ಈಗೆಲ್ಲ ಸರಿ, ಸಾಹೇಬರು ಬಂದರೆ ಹೇಳಬೇಕು, ಮೈಕು ವಾಪಸ್ ಕೊಡಿ ಅಂತ, ಯಾಕೆ ಅಂದರೆ, ಗಂಟಲು ಉರಿಯುತ್ತಿದೆ, ನಾಲಿಗೆಯ ಮೇಲೆ ರಕ್ತದ ರುಚಿ, ಬರೆದು ತೋರಿಸಬೇಕು, ಏನಂತ, ಆ ಚೀಲದವನು ಒಳ್ಳೆಯವನೇ, ಕಣ್ಣಲ್ಲಿ ಕೋಪವಿರಲಿಲ್ಲ, ಬರೀ ಆ ಬೆರಳು — ಮಗಳಿಗೆ ಸಂದೇಶ ಕಳಿಸಿ ನಡುವೆ ನಿಲ್ಲಿಸುವುದು ಹೇಗೆ ಅಂತ ಕೇಳಬೇಕು, ಆ ಬೆರಳು, ಗಂಡನಿಗೆ ಹೇಳಿದರೆ ನಗುತ್ತಾನೋ ಏನೋ — ಕಪ್ಪು ಉಗುರು, ತುಟಿಯ ಮೇಲೆ, ಶ್ —