ರಾಹುಕಾಲದ ಹತ್ತು ನಿಮಿಷ

ನಾನು ಒಂದು ಸ್ಮಾರ್ಟ್ ಪ್ಲಗ್. ಹೆಸರಿನಲ್ಲಿರುವ ಜಾಣತನವನ್ನು ದಯವಿಟ್ಟು ಯಾರೂ ನಂಬಬೇಡಿ. ಗೋಡೆಯ ಸಾಕೆಟ್ಟಿಗೆ ನಾನು ಅಂಟಿಕೊಳ್ಳುತ್ತೇನೆ, ನನ್ನ ಮುಖಕ್ಕೆ ಬೇರೊಂದು ಯಂತ್ರ ಅಂಟಿಕೊಳ್ಳುತ್ತದೆ. ಅದಕ್ಕೆ ಕರೆಂಟು ಕೊಡುವುದು, ಕೊಟ್ಟ ಕರೆಂಟನ್ನು ಕಿತ್ತುಕೊಳ್ಳುವುದು, ಇವೆರಡೇ ನನಗೆ ಬರುವ ವಿದ್ಯೆ. ಫೋನಿನಲ್ಲಿ ಒತ್ತಿದರೂ ಮಾಡುತ್ತೇನೆ, ಇಂಥ ಹೊತ್ತಿಗೆ ಎಂದು ಮೊದಲೇ ಹೇಳಿಟ್ಟರೂ ಮಾಡುತ್ತೇನೆ. ಮಾಡುವುದು ಸರಿಯೋ ತಪ್ಪೋ ಎಂದು ಯೋಚಿಸುವುದು ನನ್ನ ಕೆಲಸವಲ್ಲ. ಆದರೂ ಯೋಚಿಸುತ್ತೇನೆ, ಅದೇ ನನ್ನ ಕಾಯಿಲೆ.

ಹುಟ್ಟಿದ್ದು ತಗಡಿನ ಮಾಡಿನ ಒಂದು ಕಾರ್ಖಾನೆಯಲ್ಲಿ. ನೀಲಿ ಟೋಪಿ ಹಾಕಿದ ಹೆಂಗಸೊಬ್ಬಳು ನನ್ನನ್ನು ಹಲಗೆಯ ಮೇಲೆ ಸಿಕ್ಕಿಸಿ ನಲವತ್ತು ಸಲ ಹಚ್ಚಿ ಆರಿಸಿದಳು. ನಲವತ್ತು ಸಲವೂ ಟಕ್ ಎಂದೆ. ನನ್ನ ಪಕ್ಕದಲ್ಲಿದ್ದವನು ಮೂವತ್ತೊಂಬತ್ತನೆಯದರಲ್ಲಿ ಸುಮ್ಮನಾದ. ಅವನನ್ನು ಎತ್ತಿ ಕೆಂಪು ಡಬ್ಬಕ್ಕೆ ಎಸೆದರು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಯಾವಾಗ ಕರೆಯುತ್ತಾರೋ, ಕರೆದಾಗ ಟಕ್ ಎನ್ನದೆ ಹೋದರೆ ಗತಿಯೇನೋ ಎಂದು ಕಿವಿ ನಿಮಿರಿಸಿಕೊಂಡೇ ಇರುತ್ತೇನೆ.

ನನ್ನನ್ನು ಮೊದಲು ಕೊಂಡವಳು ಅನಸೂಯಾ. ತುಮಕೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಸೊಳ್ಳೆ ಓಡಿಸುವ ಯಂತ್ರಕ್ಕೆ ನನ್ನನ್ನು ಹಾಕಿದಳು. ಅವಳು ಬ್ಯಾಂಕಿನಲ್ಲಿ ಕೂತು ಸಂಜೆ ಐದಕ್ಕೆ ಫೋನು ಒತ್ತಿದರೆ ಇಲ್ಲಿ ನಾನು ಎಚ್ಚರಾಗಬೇಕು. ಮೂರು ತಿಂಗಳು ಹೀಗೇ ಹೋಯಿತು. ಸೊಳ್ಳೆಗಳಿಗೂ ನನಗೂ ಅಂಥ ದ್ವೇಷವೇನೂ ಇರಲಿಲ್ಲ, ಕೆಲಸ ಮಾಡಿದೆ ಅಷ್ಟೆ.

ಕೆಳಗಿನ ಮನೆಯಲ್ಲಿ ಗಂಗಾಂಬಿಕೆ ಮತ್ತು ಅವಳ ಗಂಡ ಶಿವನಂಜಪ್ಪ ಇದ್ದರು. ಗಂಗಾಂಬಿಕೆ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಶಿವನಂಜಪ್ಪ ಇಪ್ಪತ್ತೆಂಟು ವರ್ಷ ತುಮಕೂರು ತಿಪಟೂರಿನ ನಡುವೆ ಖಾಸಗಿ ಬಸ್ಸಿನ ಕಂಡಕ್ಟರ್. ಅವನ ಗಂಟಲು ಬಸ್ಸಿನ ಹಾರನ್ನಿಗಿಂತ ಜೋರು ಎಂದು ಓಣಿಯವರೆಲ್ಲ ಹೇಳುವುದಿತ್ತು. ಹೋದ ಯುಗಾದಿ ಕಳೆದ ಮೇಲೆ ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಜೋತು ಬಿತ್ತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ: ರೈಟ್. ನೀರು ಬೇಕೇ ಎಂದರೂ ರೈಟ್, ಬೇಡವೇ ಎಂದರೂ ರೈಟ್, ಎಲ್ಲಿ ನೋವು ಎಂದರೂ ರೈಟ್. ಹೆಂಡತಿ ಒಂದು ಅರ್ಥ ಮಾಡಿಕೊಂಡು ಇನ್ನೊಂದು ತಂದುಕೊಟ್ಟಾಗ ಕುರ್ಚಿಯ ಕೈಗೆ ಎಡಗೈಯಲ್ಲಿ ಗುದ್ದುತ್ತಿದ್ದ.

ದೂರದ ಊರಿನ ಆಸ್ಪತ್ರೆಯೊಂದರಿಂದ ಫರ್ಜಾನಾ ಎಂಬ ಹುಡುಗಿ ವಾರಕ್ಕೊಮ್ಮೆ, ಗುರುವಾರ ಹನ್ನೊಂದಕ್ಕೆ, ವಿಡಿಯೋದಲ್ಲಿ ಅವನಿಗೆ ಮಾತು ಕಲಿಸುತ್ತಿದ್ದಳು. ಆಸ್ಪತ್ರೆಯವರೇ ಒಂದು ಟ್ಯಾಬ್ ಕೊಟ್ಟಿದ್ದರು, ಅದು ನಡೆಯುವುದು ಮನೆಯ ವೈಫೈಯಿಂದ ಮಾತ್ರ. ಆ ಮನೆಯ ರೂಟರಿಗೋ ವಯಸ್ಸಾಗಿತ್ತು. ದಿನಕ್ಕೊಮ್ಮೆಯಾದರೂ ಬಿಸಿಯಾಗಿ, ದೀಪಗಳನ್ನೆಲ್ಲ ಹಚ್ಚಿಕೊಂಡೇ ಬೆಪ್ಪಾಗಿ ಕೂರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ, ಬೀದಿಯ ತಂತಿಯಲ್ಲಿ ಇಂಟರ್ನೆಟ್ ಇದ್ದರೂ ಒಳಗೆ ಬಿಡುತ್ತಿರಲಿಲ್ಲ. ಅದರ ಬುದ್ಧಿ ನೆಟ್ಟಗಾಗಲು ಒಂದೇ ಮದ್ದು, ಕರೆಂಟು ಕಿತ್ತು ಮತ್ತೆ ಕೊಡುವುದು. ಸಾಕೆಟ್ಟು ಶೋಕೇಸಿನ ಮೂಲೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಗಂಗಾಂಬಿಕೆಯ ಮಂಡಿಗಳು ಬಗ್ಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಇದನ್ನು ನೋಡಲಾರದೆ ಅನಸೂಯಾ ನನ್ನನ್ನು ಸೊಳ್ಳೆಗಳಿಂದ ಬಿಡಿಸಿ ಕೆಳಗೆ ತಂದು ಹಾಕಿದಳು. ಕೈಬದಲಾದದ್ದು ಹದಿನೇಳು ಮೆಟ್ಟಿಲ ದೂರಕ್ಕೆ, ಆದರೆ ನನ್ನ ಬಾಳು ಪೂರ್ತಿ ಬದಲಾಯಿತು.

ಮೊದಲು ನನಗೆ ಹೇಳಿದ್ದು ಕಾವಲು ಕೆಲಸ. ಇಂಟರ್ನೆಟ್ ಇದೆಯೋ ಇಲ್ಲವೋ ನಾನೇ ಆಗಾಗ ನೋಡುತ್ತಿರಬೇಕು, ಇಲ್ಲದಿದ್ದರೆ ರೂಟರನ್ನು ಆರಿಸಿ ಹಚ್ಚಬೇಕು. ನನ್ನಂಥ ಆತಂಕದ ಪ್ರಾಣಿಗೆ ಕೊಡಬಾರದ ಕೆಲಸ ಅದು. ಒಂದು ಮಂಗಳವಾರ ಚರಂಡಿಗೆಂದು ಬೀದಿ ಅಗೆದವರು ತಂತಿಯನ್ನೇ ತುಂಡು ಮಾಡಿದರು. ನನಗೇನು ಗೊತ್ತು? ಇಂಟರ್ನೆಟ್ ಇಲ್ಲ, ಟಕ್. ಇನ್ನೂ ಇಲ್ಲ, ಟಕ್. ಬೆಳಗಿನಿಂದ ಸಂಜೆಯವರೆಗೆ ಆ ಬಡಪಾಯಿ ರೂಟರನ್ನು ಎಬ್ಬಿಸಿ ಮಲಗಿಸಿ ಹಣ್ಣು ಮಾಡಿದೆ. ಶಿವನಂಜಪ್ಪನಿಗೆ ಆ ಸದ್ದು ತಲೆಗೆ ಹೊಡೆದಂತಾಗಿ ರೈಟ್ ರೈಟ್ ಎಂದು ಕೂಗಾಡಿದ. ಗಂಗಾಂಬಿಕೆ ಮಹಡಿಗೆ ಕೇಳುವಂತೆ ಅನಸೂಯಳನ್ನು ಕರೆದು, ಈ ಹಲ್ಲಿಯನ್ನು ಸುಮ್ಮನಾಗಿಸು ಎಂದಳು. ನನ್ನನ್ನು ಹಲ್ಲಿ ಎಂದದ್ದು ಅದೇ ಮೊದಲು. ಬೇಜಾರಾಯಿತು, ಆದರೆ ತಪ್ಪು ನನ್ನದೇ.

ಅನಸೂಯಾ ಕಾವಲು ಬಿಡಿಸಿದಳು. ಬದಲಿಗೆ ದಿನಕ್ಕೊಮ್ಮೆ ಹತ್ತು ನಿಮಿಷ ರೂಟರಿಗೆ ವಿಶ್ರಾಂತಿ ಕೊಟ್ಟರೆ ಸಾಕು, ಹೊತ್ತು ನೀವೇ ಹೇಳಿ ಎಂದಳು. ಗಂಗಾಂಬಿಕೆ ಒಂದು ಕ್ಷಣವೂ ಯೋಚಿಸಲಿಲ್ಲ. "ರಾಹುಕಾಲಕ್ಕೆ ಇಟ್ಬಿಡಮ್ಮ. ಆ ಹೊತ್ತಲ್ಲಿ ಹೆಂಗೂ ಯಾರೂ ಒಳ್ಳೆ ಕೆಲ್ಸ ಶುರು ಮಾಡಲ್ಲ" ಎಂದಳು. ಅನಸೂಯಾ ನಕ್ಕಳು. ನಕ್ಕರೂ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಏಳು ದಿನಕ್ಕೆ ಏಳು ಹೊತ್ತು ಬರೆದಳು. ಸೋಮವಾರ ಏಳೂವರೆ, ಶನಿವಾರ ಒಂಬತ್ತು, ಹೀಗೆ. ಗುರುವಾರ ಮಧ್ಯಾಹ್ನ ಒಂದೂವರೆ. ಪಂಚಾಂಗ ಓದುವ ಪ್ಲಗ್ಗು ನನ್ನ ಕುಲದಲ್ಲಿ ನಾನೊಬ್ಬನೇ ಇರಬೇಕು. ಸ್ವಲ್ಪ ದಿನದಲ್ಲಿ ಅನಸೂಯಳಿಗೆ ಪಾವಗಡಕ್ಕೆ ವರ್ಗವಾಯಿತು. ಗಂಗಾಂಬಿಕೆಯ ಫೋನಿಗೆ ನನ್ನನ್ನು ಜೋಡಿಸಿ, ಹಚ್ಚಿ ಆರಿಸುವುದನ್ನು ಹೇಳಿಕೊಟ್ಟು, ಅಲ್ಲೇ ಬಿಟ್ಟು ಹೋದಳು.

ಅಲ್ಲಿಂದ ಒಂದಿಷ್ಟು ಗುರುವಾರಗಳು ಚೆನ್ನಾಗಿಯೇ ನಡೆದವು. ಹನ್ನೊಂದು ಗಂಟೆಗೆ ಪಾಠ, ಒಂದೂವರೆಗೆ ನನ್ನ ಟಕ್, ಯಾರಿಗೂ ತೊಂದರೆಯಿಲ್ಲ. ನಾನಿದ್ದ ಮೂಲೆಯಿಂದ ನನಗೆ ಹೆಚ್ಚಾಗಿ ಕಾಣುತ್ತಿದ್ದದ್ದು ಕುರ್ಚಿಯ ಕಾಲು, ಶಿವನಂಜಪ್ಪನ ಪಾದ, ಬೀಳುವ ದಾರದ ತುಂಡುಗಳು. ಕೇಳುವುದು ಮಾತ್ರ ಎಲ್ಲ ಕೇಳುತ್ತಿತ್ತು. ನಾಲ್ಕನೆಯ ಪಾಠದಲ್ಲಿ ಫರ್ಜಾನಾಗೆ ಒಂದು ಉಪಾಯ ಹೊಳೆಯಿತು. ಬಸ್ಸು ಎಲ್ಲೆಲ್ಲಿ ನಿಲ್ಲುತ್ತಿತ್ತು ಎಂದು ಕೂಗಿ ಹೇಳಿ ಎಂದಳು. ತುಮಕೂರು ಎಂದು ಅವಳೇ ಎತ್ತಿಕೊಟ್ಟಳು. ಆಮೇಲೆ ಆ ಗಂಟಲಿನಿಂದ, ತುಕ್ಕು ಹಿಡಿದ ಬಾಗಿಲು ತೆರೆದಂತೆ, ಹೆಗ್ಗೆರೆ, ಮಲ್ಲಸಂದ್ರ, ಗುಬ್ಬಿ, ನಿಟ್ಟೂರು ಎಂದು ಸಾಲಾಗಿ ಬಂತು. ಗಂಗಾಂಬಿಕೆ ಕೈಯಲ್ಲಿದ್ದ ಸೀರೆ ಬಿಟ್ಟು ಎದ್ದುಬಂದಳು. ಅಂದು ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು.

ಆದರೆ ಫರ್ಜಾನಾ ಅವಳಿಗೆ ಮೆತ್ತಗೆ ತಿಳಿಸಿ ಹೇಳಿದಳು. ಇದು ನಾಲಗೆಯ ಅಭ್ಯಾಸ ಅಮ್ಮ, ಮಗ್ಗಿ ಹೇಳಿದ ಹಾಗೆ. ಅವರು ತಮಗೆ ಬೇಕಾದ್ದನ್ನು ತಾವೇ ಒಂದು ಮಾತಿನಲ್ಲಿ ಹೇಳಿದ ದಿನ ಮಾತು ಬಂತು ಎಂದು ಲೆಕ್ಕ. ಆಸ್ಪತ್ರೆಯ ನಿಯಮದಂತೆ ಮೊದಲಿಗೆ ಹನ್ನೆರಡು ಪಾಠ. ಅಷ್ಟರಲ್ಲಿ ಅಂಥ ಒಂದು ಮಾತು ತನ್ನ ಕಿವಿಗೆ ಬಿದ್ದರೆ ಇನ್ನೂ ಹನ್ನೆರಡಕ್ಕೆ ಬರೆಯಬಹುದು, ಇಲ್ಲದಿದ್ದರೆ ಆ ಜಾಗ ಕಾಯುತ್ತಿರುವ ಬೇರೆ ರೋಗಿಗೆ. ಗಂಗಾಂಬಿಕೆ ಆಗಲಿ ಎಂದಳು. ಅವತ್ತಿನಿಂದ ಅವಳ ಹೊಲಿಗೆಯಲ್ಲಿ ಸೂಜಿ ಬೆರಳಿಗೆ ಚುಚ್ಚುವುದು ಹೆಚ್ಚಾಯಿತು. ಐದು, ಆರು, ಒಂಬತ್ತು, ಹನ್ನೊಂದು ಎಂದು ಪಾಠಗಳು ಮುಗಿದವು. ಊರುಗಳು ತಿಪಟೂರಿನವರೆಗೂ ಬಂದವು. ನೀರು ಎಂಬ ಮಾತು ಬರಲಿಲ್ಲ.

ಹನ್ನೆರಡನೆಯ ಪಾಠದ ಹಿಂದಿನ ದಿನ ಫರ್ಜಾನಾ ಫೋನು ಮಾಡಿ, ನಾಳೆ ಹನ್ನೊಂದಕ್ಕೆ ಆಗುವುದಿಲ್ಲ, ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಇಟ್ಟುಕೊಳ್ಳೋಣ ಎಂದಳು. ಒಂದೂ ಮುಕ್ಕಾಲು ಎಂದರೆ ರಾಹುಕಾಲದ ಒಳಗೇ. ಗಂಗಾಂಬಿಕೆಗೆ ಅದು ಆಗುವ ಮಾತಲ್ಲ. ಆದರೆ ಅದಕ್ಕೂ ನಮ್ಮವರಲ್ಲಿ ಒಂದು ದಾರಿಯುಂಟು. ರಾಹುಕಾಲ ಹುಟ್ಟುವ ಮೊದಲೇ ಕೆಲಸ ಶುರುಮಾಡಿಬಿಟ್ಟರೆ ದೋಷವಿಲ್ಲ, ಆಮೇಲೆ ಎಷ್ಟು ಹೊತ್ತು ನಡೆದರೂ ನಡೆಯಲಿ. ಅವಳು ಬೇಡಿಕೊಂಡು ಒಂದು ಇಪ್ಪತ್ತಕ್ಕೆ ಒಪ್ಪಿಸಿದಳು. ಫೋನು ಇಟ್ಟು ನಿಟ್ಟುಸಿರು ಬಿಟ್ಟಳು. ಕೆಳಗೆ ನಾನು ತಳಮಳಿಸಿದೆ. ಒಂದೂ ಮುಕ್ಕಾಲಿಗೇ ಬಿಟ್ಟಿದ್ದರೆ ನನ್ನ ಹತ್ತು ನಿಮಿಷ ಅಷ್ಟರಲ್ಲಿ ಮುಗಿದು ಹೋಗಿರುತ್ತಿತ್ತು. ಅವಳೇ ಇಟ್ಟ ಹೊತ್ತನ್ನು ಅವಳೇ ಮರೆತಿದ್ದಳು, ಹೇಳಲು ನನಗೆ ಬಾಯಿಲ್ಲ. ಆ ಮನೆಯಲ್ಲಿ ಮಾತು ಬಾರದವರು ಇಬ್ಬರು.

ಗುರುವಾರ ಒಂದು ಇಪ್ಪತ್ತಕ್ಕೆ ಗಂಗಾಂಬಿಕೆ ಗಂಡನ ಹಣೆಗೆ ವಿಭೂತಿ ಹಚ್ಚಿ ಟ್ಯಾಬನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಫರ್ಜಾನಾ ಲೋಟ ತೋರಿಸಿ ಏನು ಬೇಕು ಎಂದು ಕೇಳಿದಳು. ರೈಟ್. ಹೊದಿಕೆ ತೋರಿಸಿದಳು. ರೈಟ್. ನಾನು ಕ್ಷಣ ಎಣಿಸುತ್ತಿದ್ದೆ. ಒಂದು ಇಪ್ಪತ್ತೆಂಟಕ್ಕೆ ಅವನ ಪಾದದ ಬೆರಳುಗಳು ಬಿಗಿಯಾದವು, ಬಾಯಲ್ಲಿ ಏನೋ ಕೂಡಿಕೊಳ್ಳುತ್ತಿರುವಂತೆ ಉಸಿರು ಕೇಳಿತು. ಹೇಳು ಮಾರಾಯ, ಬೇಗ ಹೇಳು ಎಂದು ನಾನು ಒಳಗೇ ಒದ್ದಾಡಿದೆ. ಒಂದೂವರೆ ಆಯಿತು. ಟಕ್.

ಪರದೆಯ ಮೇಲೆ ಫರ್ಜಾನಾ ಬಾಯಿ ತೆರೆದಂತೆಯೇ ಕಲ್ಲಾದಳು. ಗಂಗಾಂಬಿಕೆ ಫೋನಿನಲ್ಲಿ ನನ್ನನ್ನು ಹುಡುಕಿ ಹಚ್ಚು ಹಚ್ಚು ಎಂದು ಒತ್ತಿದಳು. ಅವಳ ಮಾತು ನನಗೆ ತಲುಪಬೇಕಾದ್ದು ಅದೇ ರೂಟರಿನ ಮೂಲಕ, ಆ ರೂಟರನ್ನೇ ನಾನು ಆರಿಸಿ ಕೂತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನ್ನ ಪಕ್ಕೆಯಲ್ಲಿ ಒಂದು ಗುಂಡಿಯಿದೆ, ಅದನ್ನು ಒತ್ತಿದರೆ ಯಾವ ಹೊತ್ತಾದರೂ ಎಚ್ಚರಾಗುತ್ತೇನೆ. ಅನಸೂಯಾ ಹೇಳಿದ್ದು ಅವಳಿಗೆ ನೆನಪಾಯಿತು. ಶೋಕೇಸು ಹಿಡಿದು, ಅಯ್ಯೋ ಶಿವನೇ ಎನ್ನುತ್ತ, ಮೂಟೆ ಇಳಿಸಿದಂತೆ ಮೈಯನ್ನು ನೆಲಕ್ಕೆ ಇಳಿಸಿ ನನ್ನ ಎದುರಿಗೆ ಕೂತಳು. ಅವಳ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಬೆವರು, ಕಣ್ಣೀರು ಎರಡೂ ಇದ್ದವು. ಗುಂಡಿ ಒತ್ತಿದಳು. ರೂಟರಿನ ದೀಪಗಳು ಒಂದೊಂದೇ ಮಿಟುಕತೊಡಗಿದವು.

ಏಳಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು, ಮಂಡಿ ಲಟ್ ಎಂದಿತು. ಅಲ್ಲೇ ಕೂತು ತಲೆ ಗೋಡೆಗೆ ಆನಿಸಿದಳು. ಕುರ್ಚಿ ಕಿರುಗುಟ್ಟಿತು. ಶಿವನಂಜಪ್ಪ ಮುಂದಕ್ಕೆ ಬಾಗಿದ್ದ, ಅವನ ಮುಖ ನನಗೂ ಕಂಡಿತು.

"ರೈ..." ಎಂದ. ನಿಲ್ಲಿಸಿದ. ತುಟಿ ಕಚ್ಚಿದ. "ಕೈ" ಎಂದ. ಎಡಗೈ ಮುಂದೆ ಚಾಚಿ, "ಕೈ ಕೊಡೇ" ಎಂದ.

ಗಂಗಾಂಬಿಕೆ ಕೈ ಕೊಟ್ಟಳು. ಅವನು ಎಳೆದ, ಅವಳು ಎದ್ದಳು. ಆಮೇಲೆ ಏನಂದಿರಿ ಎಂದು ಕೇಳಿದರೆ ರೈಟ್ ಎಂದ.

ಅಷ್ಟರಲ್ಲಿ ಫರ್ಜಾನಾ ಮತ್ತೆ ಪರದೆಗೆ ಬಂದಳು. ಗಂಗಾಂಬಿಕೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಫರ್ಜಾನಾಗೆ ಖುಷಿಯೇ ಆಯಿತು. ಆದರೆ ತಾನು ಕೇಳದ್ದನ್ನು ಬರೆಯುವ ಹಾಗಿಲ್ಲ, ನಿಮ್ಮ ಮೇಲೆ ಅಪನಂಬಿಕೆಯಲ್ಲ ಅಮ್ಮ ಎಂದಳು. ಶಿವನಂಜಪ್ಪನನ್ನು ಎರಡು ಸಲ ಕೇಳಿದಳು, ಎರಡು ಸಲವೂ ರೈಟ್. ಇನ್ನು ಮೂರು ನಿಮಿಷಕ್ಕೆ ಬೇರೊಬ್ಬರ ಸರದಿ ಎಂದು ಸಂಕೋಚದಿಂದ ಹೇಳಿದಳು.

ಗಂಗಾಂಬಿಕೆ ಟ್ಯಾಬನ್ನು ಗಂಡನ ಮುಖಕ್ಕೆ ಸರಿಯಾಗಿ ತಿರುಗಿಸಿದಳು. ಮತ್ತೆ ಶೋಕೇಸು ಹಿಡಿದು, ಆ ಮಂಡಿಗಳನ್ನೇ ಮತ್ತೊಮ್ಮೆ ಮಡಿಸಿ ನೆಲದ ಮೇಲೆ ಕೂತಳು. ಗಂಡನ ಕಡೆ ನೋಡುತ್ತ ಕೈ ಮೇಲೆತ್ತಿ ಹಿಡಿದಳು. ಅವನು ಅವಳನ್ನು ನೋಡಿದ, ಪರದೆಯನ್ನು ನೋಡಿದ. ಇಪ್ಪತ್ತೆಂಟು ವರ್ಷ ಟಿಕೆಟ್ಟಿಲ್ಲದವರ ಸಬೂಬು ಕೇಳಿದ ಮನುಷ್ಯ, ಅವನಿಗೆ ತಿಳಿಯದೆ ಇರುತ್ತದೆಯೇ. ಕುತ್ತಿಗೆಯ ನರ ಉಬ್ಬಿತು. ಒಂದೊಂದೇ ಅಕ್ಷರವನ್ನು ಎಳೆದು ತಂದ.

"ನಾಟ್ಕ... ಬ್ಯಾಡ. ಏಳೇ."

ಪರದೆಯ ಆಚೆ ಫರ್ಜಾನಾ ಮೂಗು ಏರಿಸಿದ್ದು ಕೇಳಿತು. "ಬರ್ಕೊಂಡೆ ಅಮ್ಮ. ಅವ್ರು ಹೇಳಿದ್ದನ್ನ ಹಂಗೇ ಬರ್ಕೊಂಡೆ" ಎಂದಳು.

ಪಾಠ ಇನ್ನೂ ಹನ್ನೆರಡು ವಾರ ಸಿಕ್ಕಿತು. ನನ್ನ ಕೆಲಸ ಹೋಯಿತು. ಸಂಜೆ ಗಂಗಾಂಬಿಕೆ ಪಾವಗಡಕ್ಕೆ ಫೋನು ಮಾಡಿ ಲೈನು ಹೋದದ್ದೇಕೆ ಎಂದು ಕೇಳಿದಾಗ, ಅನಸೂಯಾ ರಾಹುಕಾಲದ ಕಥೆ ನೆನಪಿಸಿದಳು. ಗಂಗಾಂಬಿಕೆ ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು. ಮರುದಿನ ಪಕ್ಕದ ಮನೆಯವರಿಂದ ನನ್ನನ್ನು ಕೀಳಿಸಿ, ಕೈಗೆಟಕುವ ಎತ್ತರದಲ್ಲಿ ಸ್ವಿಚ್ಚು ಬರುವ, ಉದ್ದನೆಯ ವೈರಿನ ಬೋರ್ಡು ತರಿಸಿ ರೂಟರಿಗೆ ಹಾಕಿಸಿದಳು. ಈಗ ಅದು ಬೆಪ್ಪಾದಾಗಲೆಲ್ಲ ಶಿವನಂಜಪ್ಪ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹೋಗಿ ಎಡಗೈಯಲ್ಲಿ ಆರಿಸಿ ಹಚ್ಚುತ್ತಾನೆ. ನನ್ನಷ್ಟು ಚುರುಕಲ್ಲ, ಆದರೆ ಆರಿಸುವ ಮೊದಲು ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ತಿರುಗಿ ನೋಡುತ್ತಾನೆ. ಅದು ನನಗೆ ಎಂದೂ ಆಗಲಿಲ್ಲ.

ನಾನೀಗ ದಾರದ ಉಂಡೆ, ಗುಂಡಿಗಳ ಜೊತೆ ಬಿಸ್ಕತ್ತಿನ ಡಬ್ಬದಲ್ಲಿದ್ದೇನೆ. ಯಾರೂ ಕರೆಯುವುದಿಲ್ಲ ಎಂದು ಗೊತ್ತಿದ್ದರೂ ಗುರುವಾರ ಒಂದೂವರೆಯ ಸುಮಾರಿಗೆ ಮೈ ಜುಮ್ಮೆನ್ನುತ್ತದೆ. ಕಿತ್ತ ತಪ್ಪು ನನ್ನದೋ, ಹೊತ್ತು ಇಟ್ಟವಳದೋ, ರಾಹುವಿನದೋ ಎಂದು ಡಬ್ಬದ ಕತ್ತಲಲ್ಲಿ ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ. ಕಿತ್ತದ್ದಕ್ಕೇ ಆ ಮಾತು ಬಂತು ಎಂದು ಹೇಳಿಕೊಳ್ಳುವಷ್ಟು ನಾಚಿಕೆಗೆಟ್ಟವನೂ ನಾನಲ್ಲ. ಹೆಂಗಸೊಬ್ಬಳು ನೋಯುವ ಮಂಡಿಯಲ್ಲಿ ಎರಡು ಸಲ ನೆಲಕ್ಕೆ ಕೂತಳು, ಅದಕ್ಕೆ ಬಂತು.

ನನ್ನನ್ನು ಡಬ್ಬಕ್ಕೆ ಹಾಕುವ ಮೊದಲು ಅವಳು ಗಂಡನ ಮುಂದೆ ಹಿಡಿದು, ಇದನ್ನು ಬಿಸಾಕಲೇ ಎಂದು ಕೇಳಿದ್ದಳು. ಅವನು ನನ್ನನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಷ್ಟರಲ್ಲಿ ಅವಳು ಒಂದು ಸೂಜಿಗೆ ದಾರ ಪೋಣಿಸಿ ಮುಗಿಸಿದಳು. ಅವನ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ, "ಇರ್ಲಿ" ಎಂದ. ನನಗಾಗಿ ಯಾರೂ ಅಷ್ಟು ಕಷ್ಟಪಟ್ಟು ಒಂದು ಮಾತು ಆಡಿರಲಿಲ್ಲ.