ಸುತ್ತಿಟ್ಟ ವಯರು

"ಚಾರ್ಜು ನಲವತ್ತೇಳೇ ಪರ್ಸೆಂಟ್ ತೋರಿಸ್ತಿದೆಯಲ್ಲೇ!" ಧರ್ಮೇಶ ಬ್ಯಾಟರಿ ಪಿಕಪ್ಪಿನ ಬಾಗಿಲು ಹಿಡಿದುಕೊಂಡೇ ಹೇಳಿದ. ಶೆಡ್ಡಿನ ಗೋಡೆಯ ಕಡೆ ಒಮ್ಮೆ ನೋಡಿ, "ರಾತ್ರಿ ಕರೆಂಟ್ ಹೋಗಿತ್ತೇನೋ" ಎಂದ.

ಹಸು ಕೆಂದಿಯನ್ನು ಗಾಡಿಗೆ ಹತ್ತಿಸಿ ಹಗ್ಗ ಬಿಗಿಯುತ್ತಿದ್ದ ನಿಶ್ಚಿತಾಳ ಕೈ ಅಲ್ಲೇ ನಿಂತಿತು. ಕರೆಂಟ್ ಹೋಗಿರಲಿಲ್ಲ. ಹಿಂದಿನ ಸಂಜೆ ಗುಡುಗು ಕೇಳಿದ ಕೂಡಲೇ ಅವಳು ಟಿವಿ, ಫ್ರಿಜ್ಜು, ಮಿಕ್ಸಿ ಎಂದು ಒಂದೊಂದೇ ಪ್ಲಗ್ಗು ಕೀಳುತ್ತ ಬಂದು, ಶೆಡ್ಡಿಗೂ ಓಡಿ ಗಾಡಿಯದನ್ನೂ ಕಿತ್ತಿದ್ದಳು. ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಗುಡುಗಿದರೆ ಕೈ ತಾನಾಗಿ ಪ್ಲಗ್ಗಿಗೆ ಹೋಗುತ್ತದೆ. ಗುಡುಗು ನಿಂತ ಮೇಲೆ ಫ್ರಿಜ್ಜಿನದು ಹಾಕಿದಳು, ಧಾರಾವಾಹಿಯ ಹೊತ್ತಾಯಿತೆಂದು ಟಿವಿಯದನ್ನೂ ಹಾಕಿದಳು. ಗಾಡಿಯದು ಮರೆತೇಹೋಯಿತು.

ಹೇಳಿಬಿಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ತವರೂರು ಕಡಹಿನಬೈಲಿನಿಂದ ಅಣ್ಣ ಅರುಣನ ಫೋನು ಬಂತು. "ಅಮ್ಮ ಗಂಜಿ ನುಂಗ್ತಾ ಇಲ್ಲ ಕಣೇ. ಕೆಂದಿ ಬಂತಾ ಅಂತ ಮಾತ್ರ ಕೇಳ್ತಾಳೆ. ಬೇಗ ಹೊರಡಿ."

ಹುಟ್ಟಿದ ಮೂರನೇ ದಿನಕ್ಕೆ ತಾಯಿಯನ್ನು ಕಳೆದುಕೊಂಡ ಕರು ಕೆಂದಿ. ಬಾಟಲಿಯಲ್ಲಿ ಹಾಲು, ಆಮೇಲೆ ಬೆರಳು ಚೀಪಿಸಿ ಗಂಜಿ, ಹೀಗೆ ಅದನ್ನು ಉಳಿಸಿದವಳು ನಿಶ್ಚಿತಾಳ ತಾಯಿ ಅನ್ನಮ್ಮ. ಮಗಳ ಮದುವೆಯಲ್ಲಿ ಅದನ್ನೇ ಬಳುವಳಿಯಾಗಿ ಅಳಿಯನ ಊರು ಮೆಣಸೆಗೆ ಕಳಿಸಿಕೊಟ್ಟಿದ್ದಳು. ಮಗಳನ್ನು ಬೀಳ್ಕೊಡುವಾಗ ಅಳದವಳು ಕರು ಹೊರಟಾಗ ಅತ್ತಳೆಂದು ನೆಂಟರು ಈಗಲೂ ತಮಾಷೆ ಮಾಡುತ್ತಾರೆ. ಒಂಬತ್ತು ವರ್ಷದ ಮೇಲೆ, ಹಾಸಿಗೆ ಹಿಡಿದು ಮಾತು ಕಡಿಮೆಯಾದ ಮೇಲೆ, ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಕಡಹಿನಬೈಲಿಗೆ ಐವತ್ತೈದು ಕಿಲೋಮೀಟರ್. ಪೂರ್ತಿ ಚಾರ್ಜಿದ್ದರೆ ಗಾಡಿ ನೂರಹತ್ತು ಓಡುತ್ತಿತ್ತು. "ನಿಧಾನ ಹೋದ್ರೆ ಮುಟ್ತೀವಿ. ಇಳಿಜಾರಲ್ಲಿ ಒಂದೆರಡು ವಾಪಸ್ ಬತ್ತದೆ" ಎಂದ ಧರ್ಮೇಶ. ಡೀಸೆಲ್ ಗಾಡಿ ಮಾರಿ ಇದನ್ನು ತಂದಾಗಿನಿಂದ ಅವನು ರಸ್ತೆ ನೋಡುವುದಕ್ಕಿಂತ ಆ ಅಂಕೆ ನೋಡುವುದೇ ಹೆಚ್ಚಾಗಿತ್ತು.

ಕೊಪ್ಪ ಇನ್ನೂ ಆರು ಕಿಲೋಮೀಟರ್ ಇರುವಾಗ ಏರಿನ ಬುಡದಲ್ಲಿ ಲಿಂಗಪ್ಪನ ಜೀಪು ಕೆಟ್ಟು ನಿಂತಿತ್ತು. ಲಿಂಗಪ್ಪ ಧರ್ಮೇಶನ ಹಳೆಯ ಗೆಳೆಯ, ಹಗ್ಗ ಹಿಡಿದುಕೊಂಡೇ ರಸ್ತೆಗೆ ಅಡ್ಡ ಬಂದ.

"ಏರು ದಾಟಿಸಿಕೊಡು ಮಾರಾಯ. ಅಲ್ಲ, ನಿಂದು ಮೊಬೈಲ್ ತರ ಚಾರ್ಜ್ ಹಾಕೋ ಗಾಡಿ. ಎಳೀತದೋ ಇಲ್ವೋ!"

"ಎಳೆಯೋದಾ? ನಿನ್ನ ಜೀಪನ್ನ ನಿನ್ ಸಮೇತ ಎಳೀತದೆ" ಎಂದು ಧರ್ಮೇಶ ಇಳಿದೇಬಿಟ್ಟ.

"ರೀ, ಅಮ್ಮ..." ಎಂದಳು ನಿಶ್ಚಿತಾ.

"ಎರಡು ಕಿಲೋಮೀಟರ್ ಕಣೇ. ದಾರೀಲಿ ನಿಂತೋರನ್ನ ಬಿಟ್ಟು ಹೋಗಕ್ಕಾಗ್ತದಾ?"

ಗಾಡಿಯೇನೋ ಎಳೆಯಿತು, ನರಳದೆ ತಿಣುಕದೆ ಎಳೆಯಿತು. ಲಿಂಗಪ್ಪ ಹಿಂದಿನಿಂದ ಶಿಳ್ಳೆ ಹೊಡೆದ. ಆದರೆ ಏರು ಮುಗಿಯುವಷ್ಟರಲ್ಲಿ ಇಪ್ಪತ್ತೆಂಟಿದ್ದದ್ದು ಹದಿನೇಳಕ್ಕೆ ಇಳಿದಿತ್ತು. ಧರ್ಮೇಶನ ನಗು ಅಲ್ಲೇ ಬತ್ತಿತು. ನಿಶ್ಚಿತಾ ಬಯ್ಯಲಿಲ್ಲ. ಬಯ್ಯುವ ಬಾಯಿ ತನಗೆಲ್ಲಿದೆ ಎಂದುಕೊಂಡಳು.

ಕೊಪ್ಪ ದಾಟಿ ಸ್ವಲ್ಪ ದೂರಕ್ಕೆ ಚಾರ್ಜು ಹತ್ತಕ್ಕಿಳಿದು ಗಾಡಿ ಆಮೆಯಂತೆ ತೆವಳತೊಡಗಿತು. ರಸ್ತೆ ಬದಿಯಲ್ಲೇ ಧರ್ಮೇಶನ ದೂರದ ಅತ್ತೆ ಕಮಲಕ್ಕನ ಮನೆ. ಕಮಲಕ್ಕ ಗ್ರೈಂಡರಿನ ಪ್ಲಗ್ಗು ತೆಗೆದು ಜಾಗ ಮಾಡಿಕೊಟ್ಟಳು, ಕೆಂದಿಗೆ ಅಕ್ಕಿ ತೊಳೆದ ಅಕ್ಕಚ್ಚು ಇಟ್ಟಳು. "ಎರಡು ಗಂಟೆಯಾದ್ರೂ ಬೇಕು" ಎಂದ ಧರ್ಮೇಶ, ಯಾರ ಮುಖವನ್ನೂ ನೋಡದೆ.

ಹತ್ತು ನಿಮಿಷಕ್ಕೆ ಕಡಹಿನಬೈಲಿನ ಕಡೆಗೆ ಹೋಗುವ ನರಸಿಂಹರಾಜಪುರದ ಬಸ್ಸು ಬಂತು. "ನೀನು ಹತ್ತು. ಕೆಂದಿನ ನಾನು ಕರ್ಕಂಡು ಬತ್ತೀನಿ" ಎಂದು ಅವನೇ ಕೈ ತೋರಿಸಿ ನಿಲ್ಲಿಸಿದ. ನಿಶ್ಚಿತಾ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಹತ್ತದಾದ್ರೆ ಹತ್ತಿ ಅಕ್ಕಾ" ಎಂದ ಕಂಡಕ್ಟರ್.

ಅವಳು ಕಾಲು ತೆಗೆದಳು. "ಕೆಂದಿ ಎಲ್ಲಿ ಅಂತ ಅಮ್ಮ ಕೇಳಿದ್ರೆ ಎಂತ ಹೇಳ್ಲಿ? ಬರಿಗೈಯಲ್ಲಿ ಹೋಗಿ ಹೆಂಗೆ ನಿಂತ್ಕಳ್ಲಿ?" ಎಂದಳು. ಬಸ್ಸು ಹೋಯಿತು.

ಕಮಲಕ್ಕ ಕಾಫಿ ತಂದಳು, ತಣ್ಣಗಾಯಿತೆಂದು ಇನ್ನೊಮ್ಮೆ ತಂದಳು. ಗಾಡಿ ಇಪ್ಪತ್ತೊಂದು ಎಂದು ತೋರಿಸುವಾಗ ಅರುಣನ ಫೋನು ಬಂತು. ನಿಶ್ಚಿತಾ ಕೇಳಿಸಿಕೊಂಡಳು, ಫೋನಿಟ್ಟಳು. ಕೆಂದಿಯ ಕೊರಳಿಗೆ ಎರಡೂ ಕೈ ಹಾಕಿ, ಅದರ ಬೆವರಿನ ಮೈಗೆ ಮುಖ ಒತ್ತಿ ಅತ್ತಳು. ಈಗ ಹೊತ್ತಿತ್ತು, ಬೇಕಾದಷ್ಟಿತ್ತು.

ಕಡಹಿನಬೈಲಿನಲ್ಲಿ ಅನ್ನಮ್ಮನನ್ನು ಜಗಲಿಯಲ್ಲಿ ಮಲಗಿಸಿದ್ದರು. ಕೂಡಿದ್ದ ಜನರಲ್ಲಿ ಯಾರಿಗೂ ಹಸುವಿನ ನೆನಪಿರಲಿಲ್ಲ. ಹಗ್ಗ ಬಿಚ್ಚಿದ ಕೂಡಲೇ ಕೆಂದಿ ಜನರ ನಡುವೆಯೇ ಹಾದು, ಯಾರೂ ಅಟ್ಟದೆ, ಕೊಟ್ಟಿಗೆಗೆ ಹೋಗಿ ತನ್ನ ಹಳೆಯ ಗೂಟದ ಬಳಿ ನಿಂತಿತು. "ಇಲ್ಲೇ ಇರ್ಲಿ ಬಿಡು" ಎಂದ ಅರುಣ.

ಹದಿಮೂರು ದಿನ ಕಳೆದು ಮೆಣಸೆಗೆ ಮರಳಿದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಧರ್ಮೇಶ ಒಂದನ್ನೇ ಹೇಳುತ್ತಿದ್ದ. "ತಪ್ಪು ನಂದೇ. ಆ ಜೀಪನ್ನ ಎಳೀಬಾರ್ದಿತ್ತು." ನಿಶ್ಚಿತಾ ಪ್ರತಿ ಸಲವೂ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಗುಡುಗಿತು. ಅವಳು ಟಿವಿಯದು ಕೀಳಲಿಲ್ಲ, ಫ್ರಿಜ್ಜಿನದು ಕೀಳಲಿಲ್ಲ, ನೇರ ಶೆಡ್ಡಿಗೆ ಓಡಿದಳು. ಓಡಿದವಳು ಪ್ಲಗ್ಗಿನ ಎದುರು ಸುಮ್ಮನೆ ನಿಂತಳು. ಹಿಂದೆಯೇ ಧರ್ಮೇಶ ಬಂದ.

"ತೆಗಿ. ಸಿಡಿಲು ಬಡಿದ್ರೆ ಕಷ್ಟ."

"ಆವತ್ತೂ ನಾನೇ ತೆಗ್ದಿದ್ದು" ಎಂದಳು. "ಮತ್ತೆ ಹಾಕೋದು ಮರ್ತೆ ರೀ. ಕರೆಂಟ್ ಹೋಗಿರ್ಲಿಲ್ಲ."

"ಗೊತ್ತು."

ಅವಳು ತಿರುಗಿ ನೋಡಿದಳು.

"ಬೆಳಿಗ್ಗೆನೇ ನೋಡಿದ್ದೆ. ವಯರನ್ನ ಅಷ್ಟು ಚಂದ ಸುತ್ತಿ ಮೊಳೆಗೆ ಹಾಕೋರು ಈ ಮನೇಲಿ ನೀನೊಬ್ಳೇ ಅಲ್ವಾ."

ಮತ್ತೊಮ್ಮೆ ಗುಡುಗಿತು. ಅವಳು ತೆಗೆಯದಿದ್ದುದನ್ನು ನೋಡಿ ಅವನೇ ಪ್ಲಗ್ಗು ಕಿತ್ತು ಅವಳ ಕೈಗೆ ಕೊಟ್ಟ. ಟಿವಿ, ಫ್ರಿಜ್ಜಿನದು ಕೀಳಲು ಒಳಗೆ ಹೋದ.

ಗುಡುಗು ನರಸಿಂಹರಾಜಪುರದ ಕಡೆಗೆ ಸರಿದು ನಿಂತಿತು. ನಿಶ್ಚಿತಾ ಪ್ಲಗ್ಗನ್ನು ಮತ್ತೆ ಹಾಕಿದಳು. ಹಸಿರು ದೀಪ ಮಿನುಗತೊಡಗಿತು. ಆ ದಿನ ಗಾಡಿ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆದರೂ ಶೆಡ್ಡಿನ ಮೂಲೆಯಲ್ಲಿದ್ದ ಕೆಂದಿಯ ಖಾಲಿ ಗೂಟದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಚಾರ್ಜು ತುಂಬುವುದನ್ನು ಕಾಯತೊಡಗಿದಳು.