ಇಪ್ಪತ್ತೊಂದು ಕಿಲೋ

ಬಸ್ ಡಿಪೋದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಿಕ್ಕ ಎಲ್ಲರಿಗೂ ಅವನು ಡಬಲ್‌ಸೀಟ್. ಚಾಲಕರ ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಅವನು ಕೂತರೆ ಪಕ್ಕದಲ್ಲಿ ಇನ್ನೊಬ್ಬನಿಗೆ ಜಾಗ ಉಳಿಯುತ್ತಿರಲಿಲ್ಲವಾದ್ದರಿಂದ ಯಾವನೋ ಇಟ್ಟ ಹೆಸರು ಅದು. ಅವನಿಗೆ ಬೇಜಾರೇನೂ ಇರಲಿಲ್ಲ. ಇಪ್ಪತ್ತು ವರ್ಷ ಬಸ್ಸು ಓಡಿಸಿದವನು. ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ಹೊಟ್ಟೆ ಸ್ಟೀರಿಂಗಿಗೆ ಉಜ್ಜಿ ಉಜ್ಜಿ ಅಂಗಿಯ ಮೂರನೆಯ ಗುಂಡಿ ಮಾತ್ರ ಬಾಳಿಕೆ ಬರುತ್ತಿರಲಿಲ್ಲ. ಅದನ್ನು ಹಾಕಿಕೊಡುವವಳು ಅಕ್ಕ.

"ನಿನಗೆ ಅಂಗಿ ಹೊಲಿಸೋದಲ್ಲ ಕಣೋ, ಡೇರೆ ಹೊಲಿಸಬೇಕು" ಎನ್ನುತ್ತಲೇ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಾಗೆಂದವಳೇ ಅರ್ಧ ಗಂಟೆಯ ನಂತರ ಅವನ ತಟ್ಟೆಗೆ ಮೂರನೆಯ ಸಲ ಬಡಿಸುತ್ತಿದ್ದಳು.

ಅದಕ್ಕೆ ಕಾರಣವಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಅಪ್ಪ ಕೆಲಸದ ಮೇಲೆ ಊರೂರು ತಿರುಗುವವನು. ಹುಡುಗ ಅನ್ನ ಬಿಟ್ಟ. ಬಾಯಿಗಿಟ್ಟ ತುತ್ತು ಕೆನ್ನೆಯಲ್ಲೇ ಇರುತ್ತಿತ್ತು, ಗಂಟಲಿಗಿಳಿಯುತ್ತಿರಲಿಲ್ಲ. ಎಲುಬಿಗೆ ಚರ್ಮ ಅಂಟಿಕೊಂಡ ಆ ಮಗುವನ್ನು ನೋಡಿ ಪಕ್ಕದ ಮನೆಯಾಕೆ "ಇದು ಉಳಿಯೋ ಕೂಸಲ್ಲ" ಎಂದದ್ದು ಅಕ್ಕನ ಕಿವಿಗೆ ಬಿತ್ತು. ಅಂದಿನಿಂದ ಅವಳು ತಟ್ಟೆ ಹಿಡಿದು ಮನೆಯೆಲ್ಲ ಅವನ ಹಿಂದೆ ಅಲೆದಳು. ಕಥೆ ಹೇಳಿ, ಗದರಿಸಿ, ಗೋಗರೆದು ತಿನ್ನಿಸಿದಳು. ಒಂದು ವರ್ಷಕ್ಕೆ ಅವನ ಕೆನ್ನೆ ತುಂಬಿತು. ಮುಂದೆ ಅವನು ತುಂಬುತ್ತಲೇ ಹೋದ, ಅವಳು ಬಡಿಸುತ್ತಲೇ ಹೋದಳು. ಇಬ್ಬರಿಗೂ ನಿಲ್ಲಿಸುವುದು ಗೊತ್ತಾಗಲಿಲ್ಲ.

ಅಕ್ಕ ಮಾತ್ರ ಸಣಕಲಿ. ಬಟ್ಟೆ ಒಗೆಯುವ ಒಂದು ದೊಡ್ಡ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಕೆಲಸ. ದಿನವಿಡೀ ಬಿಸಿ ಹಬೆಯ ಮುಂದೆ ನಿಂತು ಹೋಟೆಲಿನ ಹಾಸಿಗೆ ಬಟ್ಟೆಗಳ ಮಡಿಕೆ ತೀಡುವವಳು. ಗಂಡ ಸತ್ತು ಹತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಸಕ್ಕರೆ ಕಾಯಿಲೆ ಇತ್ತು. ಗುಳಿಗೆಯನ್ನು ನೆನಪಾದಾಗ ನುಂಗುತ್ತಿದ್ದಳು.

ಐವತ್ತೆರಡನೆಯ ವಯಸ್ಸಿನಲ್ಲಿ ಅವಳ ಪಾದಗಳು ಊದತೊಡಗಿದವು. ನಿಂತು ಮಾಡುವ ಕೆಲಸ, ಊದದೆ ಏನು ಎಂದಳು. ಆಮೇಲೆ ಹೊಟ್ಟೆ ಉಬ್ಬಿತು. "ನೋಡೋ, ಕೊನೆಗೂ ನಿನ್ನ ಗಾಳಿ ನಂಗೂ ಬೀಸ್ತು" ಎಂದು ತಮ್ಮನ ಮುಂದೆ ನಕ್ಕಳು. ತಮ್ಮನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವಳು ನಗಲಿಲ್ಲ. ಅತ್ತಿಗೆಯ ಕಣ್ಣಿನ ಹಳದಿ ಬಣ್ಣ ನೋಡಿ ಮರುದಿನವೇ ಆಸ್ಪತ್ರೆಗೆ ಕರೆದೊಯ್ದಳು.

ಲಿವರ್ ಗಟ್ಟಿಯಾಗಿ ಸುರುಟಿಕೊಂಡಿತ್ತು. ಹೊಟ್ಟೆಯಲ್ಲಿ ತುಂಬಿದ್ದು ಕೊಬ್ಬಲ್ಲ, ನೀರು.

"ನಮ್ಮಕ್ಕ ಒಂದು ಹನಿ ಕುಡಿದವಳಲ್ಲ ಡಾಕ್ಟ್ರೇ" ಎಂದ ಅವನು.

"ಕುಡೀಬೇಕು ಅಂತಿಲ್ಲ" ಎಂದರು ವೈದ್ಯೆ. ನಡುವಯಸ್ಸಿನ, ಮೆಲುದನಿಯ ಹೆಂಗಸು. "ಲಿವರಿನ ಒಳಗೆ ಕೊಬ್ಬು ಕೂತು ವರ್ಷಗಟ್ಟಲೆ ಉರಿಯುತ್ತೆ. ಉರಿದು ಉರಿದು ಗಾಯ ಆಗುತ್ತೆ. ಸಕ್ಕರೆ ಕಾಯಿಲೆ ಇದ್ರೆ ಇನ್ನೂ ಬೇಗ. ಹೊರಗಿಂದ ಗೊತ್ತಾಗಲ್ಲ."

"ಅವಳು ಇರೋದೇ ಇಷ್ಟು. ಕೊಬ್ಬು ಇರೋದಾದ್ರೆ ನನಗಿರಬೇಕಲ್ವಾ?"

"ಸಣ್ಣಗಿರೋರಿಗೂ ಇರುತ್ತೆ. ನಿಮಗೂ ಇರಬಹುದು."

ಬೇರೆ ಲಿವರ್ ಹಾಕದೆ ದಾರಿಯಿಲ್ಲ, ಒಂದು ವರ್ಷ ತಳ್ಳುವುದೂ ಕಷ್ಟ ಎಂದರು. ಸತ್ತವರಿಂದ ಸಿಗುವುದಕ್ಕೆ ಪಟ್ಟಿಯಿತ್ತು, ಪಟ್ಟಿ ಉದ್ದವಿತ್ತು. ಬದುಕಿರುವ ರಕ್ತಸಂಬಂಧಿ ಒಂದು ಭಾಗ ಕೊಡಬಹುದು. ಕೊಟ್ಟವರದು ಮತ್ತೆ ಬೆಳೆಯುತ್ತದೆ. ಅಕ್ಕ ತಮ್ಮ ಇಬ್ಬರ ರಕ್ತದ ಗುಂಪು ಒಂದೇ ಆಗಿತ್ತು. ಅವನು ಅಲ್ಲೇ ಅಂಗಿಯ ತೋಳು ಮಡಚಿದ, ಈಗಲೇ ತೆಗೆದುಕೊಳ್ಳಿ ಎನ್ನುವವನಂತೆ.

ಸ್ಕ್ಯಾನ್ ಆದ ಮೇಲೆ ವೈದ್ಯೆ ಅವನನ್ನು ಕೂರಿಸಿಕೊಂಡು ಹೇಳಿದರು. "ನಿಮ್ಮ ತೂಕ ನೂರಾಹನ್ನೆರಡು. ಲಿವರಿನಲ್ಲಿ ಮೂವತ್ತು ಪರ್ಸೆಂಟ್ ಕೊಬ್ಬು. ಇಂಥದ್ದನ್ನ ಕತ್ತರಿಸಿದ್ರೆ ನಿಮಗೂ ಅಪಾಯ, ಹಾಕಿದ್ರೆ ಅವರಿಗೂ ಕೆಲಸ ಮಾಡಲ್ಲ. ನಾನು ಒಪ್ಪಲ್ಲ."

ಅವನು ತನ್ನ ಹೊಟ್ಟೆಯನ್ನು ನೋಡಿಕೊಂಡ. ಆಮೇಲೆ ಕೇಳಿದ: "ಇಳಿಸಿದ್ರೆ?"

"ಕೊಬ್ಬು ಹತ್ತರ ಕೆಳಗೆ ಬರಬೇಕು. ತೂಕ ತೊಂಬತ್ತರ ಹತ್ತಿರ. ನಾಲ್ಕು ತಿಂಗಳಾದ್ರೂ ಬೇಕು. ಉಪವಾಸ ಬೀಳಬೇಡಿ. ಬೇಗ ಇಳಿಸೋಕೆ ಹೋದ್ರೆ ಲಿವರಿಗೇ ಏಟು."

ಅಕ್ಕ ಮೊದಲು ಕಡ್ಡಿ ಮುರಿದಂತೆ ಬೇಡ ಎಂದಳು. "ನಿನ್ನ ಹೊಟ್ಟೆ ಕೊಯ್ಸಿ ನಾನು ಬದುಕಬೇಕಾ?"

"ಅದು ಮತ್ತೆ ಬೆಳೆಯುತ್ತಂತೆ ಅಕ್ಕ."

"ನಿನ್ನ ಹೊಟ್ಟೆ ಬೆಳೆಯೋದು ನನಗೆ ಹೇಳಿಕೊಡ್ತೀಯಾ?" ಎಂದಳು. ನಗುತ್ತಲೇ ಅವಳ ಕಣ್ಣು ತುಂಬಿದವು. ಮತ್ತೆ ಬೇಡವೆನ್ನಲಿಲ್ಲ.

ಹೆಂಡತಿಗೂ ಹೆದರಿಕೆ ಇತ್ತು. ಒಂದು ಸಂಜೆ ಬಟ್ಟೆ ಮಡಚುತ್ತ, ಅವನ ಮುಖ ನೋಡದೆ, "ರೀ, ನಿಮಗೇನಾದ್ರೂ ಆದ್ರೆ ನಾನೇನು ಮಾಡ್ಲಿ?" ಎಂದಳು. ಮರುದಿನ ಅಡುಗೆಮನೆಯ ಸಕ್ಕರೆ ಡಬ್ಬಿ, ಬೆಣ್ಣೆ, ಬಿಸ್ಕತ್ತು ಎಲ್ಲ ಪಕ್ಕದ ಮನೆ ಸೇರಿದವು. ಬಚ್ಚಲುಮನೆಯ ಬಾಗಿಲ ಪಕ್ಕ ಒಂದು ತೂಕದ ಯಂತ್ರ ಬಂದು ಕೂತಿತು.

ಮೊದಲ ಭಾನುವಾರ ಎಂದಿನಂತೆ ಅಕ್ಕನ ಮನೆಗೆ ಹೋದ. ಅವಳು ಊದಿದ ಕಾಲಿನಲ್ಲೇ ನಿಂತು ಆಲೂಗಡ್ಡೆ ಹುರಿದಿಟ್ಟಿದ್ದಳು. ಎರಡನೆಯ ಸಲ ಬಡಿಸಲು ಬಂದಾಗ ಅವನು ತಟ್ಟೆಯ ಮೇಲೆ ಅಂಗೈ ಮುಚ್ಚಿದ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ಸೌಟು ಹಿಡಿದ ಅವಳ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಕೊನೆಗೆ ಒಳಗೆ ಹೋದಳು. ಮುಂದಿನ ಭಾನುವಾರ ಅವಳೇ ಉಪ್ಪಿಲ್ಲದೆ ಬೇಯಿಸಿದ ತರಕಾರಿ ಇಟ್ಟು, ಎದುರು ಕೂತು, "ತಿನ್ನು. ಹಸುಗೂ ಇದೇ, ನಿನಗೂ ಇದೇ" ಎಂದಳು.

ಅವನು ನಡೆದ. ಬೆಳಗಿನ ಪಾಳಿಗೆ ಮೊದಲು ಮನೆಯಿಂದ ಡಿಪೋಗೆ, ಪಾಳಿ ಮುಗಿದ ಮೇಲೆ ಡಿಪೋದಿಂದ ಅಕ್ಕನ ಮನೆಗೆ. ಮೊದಲ ವಾರ ತೊಡೆಗಳ ಒಳಬದಿ ಉಜ್ಜಿ ಹಸಿಯಾಯಿತು, ಮಂಡಿ ಹಿಡಿದುಕೊಂಡಿತು. ಡಿಪೋದವರು ಮೊದಮೊದಲು ನಕ್ಕರು. "ಏನೋ ಡಬಲ್‌ಸೀಟು, ಎರಡನೇ ಮದುವೆಗೆ ರೆಡಿ ಆಗ್ತಿದ್ದೀಯಾ?" ವಿಷಯ ತಿಳಿದ ಮೇಲೆ ಅವನ ಕಂಡಕ್ಟರ್, ಹದಿನೈದು ವರ್ಷ ಅವನ ಜೊತೆ ಒಂದೇ ಬಸ್ಸಿನಲ್ಲಿ ಕೆಲಸ ಮಾಡಿದವನು, ಅವನೆದುರು ಬಿಸ್ಕತ್ತು ತಿನ್ನುವುದನ್ನೇ ಬಿಟ್ಟ. ಮೊದಲ ತಿಂಗಳು ಏಳು ಕಿಲೋ ಇಳಿಯಿತು. ಎರಡನೆಯ ತಿಂಗಳು ಐದು. ಯಂತ್ರದ ಮುಳ್ಳು ನೂರಕ್ಕೆ ಬಂದು ಅಲ್ಲೇ ಕೂತುಬಿಟ್ಟಿತು. ಹತ್ತು ದಿನ, ಹದಿನೈದು ದಿನ, ಮುಳ್ಳು ಮಿಸುಕಲಿಲ್ಲ. ಅತ್ತ ಅಕ್ಕನ ಹೊಟ್ಟೆಯ ನೀರನ್ನು ವಾರಕ್ಕೊಮ್ಮೆ ಸೂಜಿ ಹಾಕಿ ತೆಗೆಸಬೇಕಾಗಿತ್ತು.

ಆಗ ಅವನು ಯಾರಿಗೂ ಹೇಳದೆ ಊಟ ಬಿಟ್ಟ. ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ಡಿಪೋದ ಕಾವಲುಗಾರನಿಗೆ ಕೊಟ್ಟು, ನೀರು ಕುಡಿದು ಬಸ್ಸು ಹತ್ತುತ್ತಿದ್ದ. ಐದನೆಯ ದಿನ ಮಧ್ಯಾಹ್ನ, ಬಸ್ಸಿನ ತುಂಬ ಜನರಿದ್ದಾಗ, ಎದುರಿನ ರಸ್ತೆ ನೀರಿನಲ್ಲಿ ಕಂಡ ಹಾಗೆ ಅಲುಗಾಡಿತು. ಹೇಗೋ ಬಸ್ಸನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗಿನ ಮೇಲೆ ತಲೆ ಇಟ್ಟ. ಕಂಡಕ್ಟರ್ ಓಡಿಬಂದು ಅವನ ಮುಖಕ್ಕೆ ನೀರು ಚಿಮುಕಿಸಿದ.

"ಅಕ್ಕನ್ನ ಉಳಿಸೋಕೆ ಹೋಗಿ ಐವತ್ತು ಜನರನ್ನ ಸಾಯಿಸ್ತಿದ್ದಲ್ಲೋ" ಎಂದ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ವೈದ್ಯೆ ಬೈಯಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. "ನಿಮ್ಮ ಲಿವರ್ ಈಗ ದಣಿದಿದೆ. ಸರಿಯಾಗಿ ತಿಂದು, ರಕ್ತ ಸರಿ ಮಾಡ್ಕೊಂಡು ಬನ್ನಿ. ಎಲ್ಲಾನೂ ಮೂರು ವಾರ ಮುಂದಕ್ಕೆ ಹಾಕ್ತೀನಿ" ಎಂದರಷ್ಟೇ. ಅಕ್ಕನಿಗೆ ಈ ವಿಷಯ ಹೇಳಬೇಡ ಎಂದು ಅವನು ಹೆಂಡತಿಯ ಕೈ ಹಿಡಿದು ಕೇಳಿಕೊಂಡ. ಅವಳು ಹೇಳಲಿಲ್ಲ.

ಆ ಮೂರು ವಾರ ಮೈ ಸುಧಾರಿಸಿಕೊಂಡು, ಮತ್ತೆ ಹೇಳಿದ ಹಾಗೆ ತಿಂದ, ಹೇಳಿದ ಹಾಗೆ ನಡೆದ. ಮುಳ್ಳು ನಿಧಾನವಾಗಿ ಇಳಿಯಿತು. ತೊಂಬತ್ತೇಳು, ತೊಂಬತ್ತನಾಲ್ಕು. ಅಂಗಿಗಳು ಗೂಟಕ್ಕೆ ನೇತುಹಾಕಿದ ಹಾಗೆ ಮೈಮೇಲೆ ಜೋಲತೊಡಗಿದವು. ಐದನೆಯ ತಿಂಗಳ ಕೊನೆಗೆ ತೊಂಬತ್ತೊಂದು. ಸ್ಕ್ಯಾನಿನ ಪರದೆ ನೋಡುತ್ತ ವೈದ್ಯೆ ಮೊದಲ ಸಲ ನಕ್ಕರು. "ಎಂಟು ಪರ್ಸೆಂಟ್. ಇಷ್ಟು ಚೊಕ್ಕವಾದ ಲಿವರ್ ನಾನೂ ಕೊಡಲಾರೆ. ಮುಂದಿನ ಗುರುವಾರ ಇಟ್ಕೊಳ್ಳೋಣ."

ಅವನು ಆಸ್ಪತ್ರೆಯಿಂದ ಅಕ್ಕನ ಮನೆಯವರೆಗೂ ನಡೆದೇ ಹೋಗಿ ಸುದ್ದಿ ಹೇಳಿದ. ಅಕ್ಕ ಅವನ ಜೋಲುವ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದೆಳೆದು, "ಎಲ್ಲಾ ಮುಗೀಲಿ, ಇದನ್ನ ಬಿಚ್ಚಿ ಎರಡು ಅಂಗಿ ಮಾಡಿಕೊಡ್ತೀನಿ" ಎಂದಳು.

ಶನಿವಾರ ಅವಳಿಗೆ ಜ್ವರ ಬಂತು. ಹೊಟ್ಟೆಯ ನೀರಿಗೆ ಸೋಂಕು ತಗುಲಿತ್ತು. ಸೋಂಕು ಇಳಿಯದೆ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಒಂದಾದ ಮೇಲೊಂದು ಔಷಧಿ ಹಾಕಿದರು. ಸೋಮವಾರದ ಹೊತ್ತಿಗೆ ಮೂತ್ರ ನಿಂತಿತು, ಮಾತು ತೊದಲಿತು. ಲಿವರ್ ಸೋಸಬೇಕಾದ ವಿಷ ತಲೆಗೇರಿದೆ ಎಂದು ನರ್ಸ್ ಹೇಳಿದಳು.

ಮಂಗಳವಾರ ಬೆಳಿಗ್ಗೆ ಅವನು ಹಾಸಿಗೆಯ ಪಕ್ಕ ಕೂತಿದ್ದ. ಅಕ್ಕ ಕಣ್ಣು ತೆರೆದು ಅವನನ್ನು ಬಹಳ ಹೊತ್ತು ನೋಡಿದಳು. ಕೈ ಚಾಚಿ ಅವನ ಗುಳಿಬಿದ್ದ ಕೆನ್ನೆಯನ್ನು ಮುಟ್ಟಿದಳು. ಅವಳ ಮುಖದಲ್ಲಿ ಗಾಬರಿ.

"ಯಾಕೋ ಹೀಗೆ ಸೊರಗಿದ್ದೀಯ? ಊಟ ಮಾಡ್ಲಿಲ್ವಾ?"

"ಮಾಡಿದೆ ಅಕ್ಕ."

"ಸುಳ್ಳು. ಅಮ್ಮ ಬಂದ್ರೆ ನಂಗೆ ಬೈತಾಳೆ. ಬಾ, ಇಲ್ಲಿ ಕೂತ್ಕೋ."

ಪಕ್ಕದ ಮೇಜಿನ ಮೇಲೆ ಅವಳಿಗೆಂದು ತಂದಿಟ್ಟ ಗಂಜಿ ಹಾಗೇ ಇತ್ತು. ಅವಳು ಅದಕ್ಕೆ ಕೈ ಚಾಚಿದಳು, ಎಟುಕಲಿಲ್ಲ. ಅವನು ಬಟ್ಟಲನ್ನು ಹತ್ತಿರ ತಂದು ಹಿಡಿದ. ಅವಳು ನಡುಗುವ ಕೈಯಲ್ಲಿ ಚಮಚ ತುಂಬಿ ಅವನ ಬಾಯಿಯ ಹತ್ತಿರ ತಂದಳು. ಅರ್ಧ ಹಾಸಿಗೆಯ ಮೇಲೆ ಚೆಲ್ಲಿತು. ಅವನು ಬಾಯಿ ತೆರೆದ. "ಕೆನ್ನೇಲಿ ಇಟ್ಕೋಬೇಡ, ನುಂಗು" ಎಂದಳು. ನುಂಗಿದ. ಹೀಗೆ ನಾಲ್ಕು ಚಮಚ ತಿನ್ನಿಸಿ, ಸಮಾಧಾನವಾದವಳ ಹಾಗೆ ತಲೆಯನ್ನು ದಿಂಬಿಗಿಟ್ಟಳು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು.

ಬುಧವಾರ ಮಧ್ಯಾಹ್ನ ಅಕ್ಕ ತೀರಿಕೊಂಡಳು.

ಎಲ್ಲ ಮುಗಿದ ಮೇಲೆ ಅವನು ವೈದ್ಯೆಯ ಕೋಣೆಗೆ ಒಬ್ಬನೇ ಹೋದ. "ಆ ಮೂರು ವಾರ ಹಾಳಾಗದಿದ್ದಿದ್ರೆ?" ಎಂದು ಕೇಳಿದ.

"ಹಾಗೆ ಲೆಕ್ಕ ಹಾಕೋಕಾಗಲ್ಲ. ಈ ಸೋಂಕು ಯಾವತ್ತು ಬೇಕಾದ್ರೂ ಬರಬಹುದಿತ್ತು. ಆಪರೇಷನ್ ಆದ ಮರುದಿನವೂ ಬರಬಹುದಿತ್ತು" ಎಂದರು ಅವರು. ಮಾತು ನಿಜವೇ ಇರಬಹುದು. ಅವನು ತಲೆಯಾಡಿಸಿ ಎದ್ದುಬಂದ.

ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ರೂಟಿನ ಹಳೆಯ ಪ್ರಯಾಣಿಕರು ಅವನನ್ನು ಗುರುತು ಹಿಡಿಯಲು ತಡವರಿಸಿದರು. "ಎಷ್ಟು ಚೆನ್ನಾಗಿ ಇಳಿದಿದ್ದೀರಿ, ಹತ್ತು ವರ್ಷ ಚಿಕ್ಕವರ ಹಾಗೆ ಕಾಣ್ತೀರಿ. ಏನು ಮಾಡಿದ್ರಿ, ನಮಗೂ ಹೇಳಿ" ಎಂದಳು ಒಬ್ಬ ಹೆಂಗಸು. ಅವನು "ನಡೆದೆ" ಎಂದ. ಅವಳು ಇಳಿದುಹೋದ ಮೇಲೂ ಬಸ್ಸು ಹೊರಡಲಿಲ್ಲ. ಕಂಡಕ್ಟರ್ ಹಿಂದಿನಿಂದ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಆಮೇಲೆ ಗೇರ್ ಬಿತ್ತು.

ಎರಡು ತಿಂಗಳ ನಂತರ ಡಿಪೋದಲ್ಲಿ ಚಾಲಕರ ಆರೋಗ್ಯ ತಪಾಸಣೆ ನಡೆಯಿತು. ಸಂಗತಿ ಗೊತ್ತಿಲ್ಲದ ಹೊಸ ಮ್ಯಾನೇಜರ್ ಅವನನ್ನು ಎಬ್ಬಿಸಿ ನಿಲ್ಲಿಸಿದರು. "ಇವರನ್ನ ನೋಡಿ ಕಲೀರಿ. ಐದು ತಿಂಗಳಲ್ಲಿ ಇಪ್ಪತ್ತೊಂದು ಕಿಲೋ. ಗುಟ್ಟೇನು ಅಂತ ಇವರ ಬಾಯಿಂದಲೇ ಕೇಳೋಣ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಳಬರೆಲ್ಲ ನೆಲ ನೋಡುತ್ತಿದ್ದರು. ಮ್ಯಾನೇಜರಿಗೆ ಏನೋ ತಪ್ಪಾಗಿದೆ ಎಂದು ಹೊಳೆಯಿತು.

"ನಮ್ಮಕ್ಕನಿಗೆ ಲಿವರ್ ಕೊಡೋದಕ್ಕೆ ಇಳಿಸಿದ್ದು. ಕೊಡೋಕಾಗಲಿಲ್ಲ" ಎಂದ ಅವನು. "ಒಂದು ಸಲ ಎಲ್ಲರೂ ಲಿವರ್ ನೋಡಿಸ್ಕೊಳ್ಳಿ. ದಪ್ಪಗಿರೋರು ಅಂತಲ್ಲ, ಸಣ್ಣಗಿರೋರೂ. ನಮ್ಮಕ್ಕ ಸಣ್ಣಗಿದ್ದಳು. ನಾವು ನನ್ನ ಹೊಟ್ಟೆ ನೋಡಿ ನಗ್ತಾ ಕೂತಿದ್ವಿ" ಎಂದು ಹೇಳಿ ಕೂತ.

ಆ ದಿನ ಒಂಬತ್ತು ಜನ ಲಿವರ್ ಪರೀಕ್ಷೆಗೆ ಹೆಸರು ಬರೆಸಿದರು ಎಂದು ಕಂಡಕ್ಟರ್ ಆಮೇಲೆ ಹೇಳಿದ.

ಸಂಜೆ ಅವನು ಎಂದಿನಂತೆ ಡಿಪೋದಿಂದ ನಡೆದು ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಹೆಂಡತಿ ಕೇಳಿದಳು. "ಇವತ್ತು ಎಲ್ಲರ ಮುಂದೆ ಮಾತಾಡಿದ್ರಂತೆ?"

"ಹೂಂ."

"ಎಲ್ಲಾ ಹೇಳಿದ್ರಾ?"

ಅವನು ಬೂಟಿನ ದಾರವನ್ನು ಬೆರಳಿಗೆ ಸುತ್ತುತ್ತ ಕೂತ. "ಆ ಮೂರು ವಾರದ್ದು ಹೇಳಲಿಲ್ಲ" ಎಂದ.

ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅವನ ಪಕ್ಕ ಕೂತಳು.

"ನಾಳೆಯಿಂದ ನಾನೂ ನಿಮ್ಮ ಜೊತೆ ನಡೀತೀನಿ" ಎಂದಳು.